ಉಗ್ರಾಣದಮ್ಮ ಮತ್ತು ಬರಿದಾದ ಟೇಪುಗಳು

ಆ ಸಂಶೋಧನಾಲಯದಲ್ಲಿ ಅವಳನ್ನು ಎಲ್ಲರೂ ಉಗ್ರಾಣದಮ್ಮ ಎಂದು ಕರೆಯುತ್ತಿದ್ದರು. ಉಗ್ರಾಣವೆಂದರೆ ಕಾಳುಕಡಿಯದಲ್ಲ, ಆಕಾಶದ್ದು. ಬೆಟ್ಟದ ಮೇಲಿನ ದೂರದರ್ಶಕ ರಾತ್ರಿಯೆಲ್ಲ ತೆಗೆದ ಚಿತ್ರಗಳು ಬೆಳಗಾದ ಮೇಲೆ ಊರಿನ ಈ ಕಟ್ಟಡದ ನೆಲಮಾಳಿಗೆಗೆ ಬಂದು ಸೇರುತ್ತಿದ್ದವು. ಮೊದಮೊದಲು ಟೇಪಿನ ಸುರುಳಿಗಳಾಗಿ ಜೀಪಿನಲ್ಲಿ, ಆಮೇಲಾಮೇಲೆ ತಂತಿಯಲ್ಲಿ. ಅವನ್ನು ಇಳಿಸಿಕೊಂಡು, ನೆಟ್ಟಗಿವೆಯೇ ಕೆಟ್ಟಿವೆಯೇ ನೋಡಿ, ಆಕಾಶದ ಯಾವ ಮೂಲೆ, ಯಾವ ಹೊತ್ತು ಎಂದು ಒಂದೊಂದಕ್ಕೂ ಹಣೆಪಟ್ಟಿ ಹಚ್ಚಿ, ಕೇಳಿದವರಿಗೆ ಕೇಳಿದ್ದನ್ನು ತೆಗೆದುಕೊಡುವುದು ಅವಳ ಕೆಲಸ. ಯಂತ್ರಗಳು ಬಿಸಿಯಾಗಬಾರದೆಂದು ಆ ಕೋಣೆಯನ್ನು ಸದಾ ತಣ್ಣಗಿಟ್ಟಿರುತ್ತಿದ್ದರು. ಹೀಗಾಗಿ ಕಡುಬೇಸಿಗೆಯಲ್ಲೂ ಸ್ವೆಟರ್ ತೊಟ್ಟು ಬಸ್ಸಿಗೆ ಕಾಯುತ್ತ ನಿಂತ ಹೆಂಗಸು ಕಂಡರೆ ಅದು ಅವಳೇ ಎಂದು ಆ ರಸ್ತೆಯವರಿಗೆಲ್ಲ ಗೊತ್ತಿತ್ತು.

ಅವಳ ಗಂಡ ಬೆಟ್ಟದ ಮೇಲಿದ್ದ. ಆ ದೂರದರ್ಶಕವನ್ನು ನಡೆಸುವವನು ಅವನೇ. ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಎದ್ದಿರುವವನಿಗೆ ಜೊತೆಯವರು ಗೂಬೆ ಎಂದು ಹೆಸರಿಟ್ಟಿದ್ದರು. ಅವನಿಗೇನೂ ಬೇಸರವಿರಲಿಲ್ಲ. ಮನೆಗೆ ಫೋನ್ ಮಾಡಿದರೆ, "ನಿಮ್ಮ ಗೂಬೆ ಕಣಮ್ಮಾ ಮಾತಾಡ್ತಿರೋದು" ಎಂದೇ ಶುರುಮಾಡುತ್ತಿದ್ದ. ಮೋಡ ಕವಿದು ಗುಮ್ಮಟಕ್ಕೆ ಬೀಗ ಬೀಳುವ ತಿಂಗಳುಗಳಲ್ಲಿ ಮಾತ್ರ ಕೆಳಗಿಳಿದು ಬರುತ್ತಿದ್ದ. ಆಕಾಶ ತಿಳಿಯಾಯಿತೆಂದರೆ ಬೇರೆ ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು. ಇವಳು ಗಂಡನ ಚೀಲ ತುಂಬುತ್ತಿದ್ದಳು. ಮದುವೆಯಾದಂದಿನಿಂದ ಸಂಸಾರ ನಡೆದದ್ದೇ ಹಾಗೆ. ಮಗಳು ಚಿಕ್ಕವಳಿದ್ದಾಗ ಮೋಡ ಕಂಡರೆ ಕುಣಿಯುತ್ತಿದ್ದಳು. ದೊಡ್ಡವಳಾದ ಮೇಲೆ ಕುಣಿತ ನಿಂತಿತು. ಕೀಲುನೋವಿನವರಿಗೆ ವ್ಯಾಯಾಮ ಹೇಳಿಕೊಡುವ ವಿದ್ಯೆ ಕಲಿತು, ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ, ತಾಯಿಯ ಜೊತೆಗೇ ಇದ್ದಳು.

ಉಗ್ರಾಣದಮ್ಮನಿಗೆ ಐವತ್ತು ದಾಟಿದ ಮೇಲೆ ಆ ದೊಡ್ಡ ಯೋಜನೆ ಬಂತು. ನಿರ್ದೇಶಕರು ಎಲ್ಲರನ್ನೂ ಸಭಾಕೋಣೆಯಲ್ಲಿ ಕೂರಿಸಿ ವಿವರಿಸಿದರು. ಬೇರೆ ಬೇರೆ ದೇಶಗಳ ದೂರದರ್ಶಕಗಳು, ಅವುಗಳ ಹಳೆಯ ಸಂಗ್ರಹಗಳು, ಲೆಕ್ಕ ಹಾಕುವ ಸೂಪರ್ ಕಂಪ್ಯೂಟರುಗಳು, ಎಲ್ಲವನ್ನೂ ಒಂದಕ್ಕೊಂದು ಹೆಣೆದು ಒಂದೇ ಜಾಲ ಮಾಡುವುದು. ಎಲ್ಲೋ ಕುಳಿತ ವಿದ್ಯಾರ್ಥಿಯೊಬ್ಬ ಒಂದು ನಕ್ಷತ್ರದ ಬಗ್ಗೆ ಕೇಳಿದರೆ ಪ್ರಪಂಚದ ಉಗ್ರಾಣಗಳೆಲ್ಲ ಒಟ್ಟಿಗೆ ಉತ್ತರ ಕೊಡಬೇಕು.

"ಇಡೀ ಭೂಮಿನೇ ಒಂದು ದೂರದರ್ಶಕ ಇದ್ದಂಗೆ ಆಗುತ್ತೆ ನೋಡಿ," ಎಂದರು ನಿರ್ದೇಶಕರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಣೆಯುವ ಕೆಲಸ ಉಗ್ರಾಣದಮ್ಮನ ಕೊರಳಿಗೆ ಬಿತ್ತು.

ಕೆಲಸವೆಂದರೆ ಸಂಬಂಧ ಕುದುರಿಸುವ ಕೆಲಸ. ಒಂದು ಊರಿನವರು ತಮ್ಮ ಊರಿನ ಗಡಿಯಾರದ ಹೊತ್ತು ಬರೆಯುವವರು, ಇನ್ನೊಬ್ಬರು ಲೋಕಕ್ಕೆಲ್ಲ ಒಂದೇ ಹೊತ್ತು ಬರೆಯುವವರು. ಒಬ್ಬರು ಹೊಳಪು ಎಂದದ್ದನ್ನು ಇನ್ನೊಬ್ಬರು ಬೆಳಕಿನ ಕಣಗಳ ಎಣಿಕೆ ಎನ್ನುವರು. ಯಾರೂ ತಮ್ಮ ಪದ್ಧತಿ ಬಿಡಲೊಲ್ಲರು. ಒಂದು ಬೆಳಿಗ್ಗೆ ಸೂಪರ್ ಕಂಪ್ಯೂಟರು ಸಾಲುಸಾಲಾಗಿ ನಕ್ಷತ್ರಗಳು ಆರಿಹೋಗಿವೆ ಎಂದು ಸುದ್ದಿ ಕೊಟ್ಟಿತು. ಕಟ್ಟಡವೆಲ್ಲ ಗದ್ದಲ. ಬೆನ್ನಟ್ಟಿ ನೋಡಿದರೆ, ದೂರದ ಒಂದು ಕೇಂದ್ರದವರು ತಾವು ನೋಡದೆ ಬಿಟ್ಟ ಜಾಗಕ್ಕೆಲ್ಲ ಸೊನ್ನೆ ಬರೆದಿದ್ದರು. ಉಗ್ರಾಣದಮ್ಮ ಆ ಕೇಂದ್ರದವನಿಗೆ ಫೋನ್ ಮಾಡಿದಳು.

"ನಾವು ನೋಡ್ಲಿಲ್ಲ ಅನ್ನೋದಕ್ಕೂ ಅಲ್ಲಿ ಏನೂ ಇಲ್ಲ ಅನ್ನೋದಕ್ಕೂ ವ್ಯತ್ಯಾಸ ಬೇಡ್ವೇನ್ರೀ?"

"ನಮ್ಮಲ್ಲಿ ಮೊದ್ಲಿಂದ್ಲೂ ಹೀಗೇ ಮೇಡಂ."

"ಮೊದ್ಲಿಂದ್ಲೂ ತಪ್ಪು ಅಂತ ಆಯ್ತು."

"ಅದನ್ನ ಬರವಣಿಗೇಲಿ ಕಳಿಸಿ ಮೇಡಂ, ಸಮಿತಿ ಮುಂದೆ ಇಡ್ತೀವಿ."

ಇಂಥ ಮಾತುಕತೆಗಳಲ್ಲಿ ವರ್ಷಗಳು ಕಳೆದವು. ಒಂದು ಗಂಟು ಬಿಚ್ಚಿದರೆ ಎರಡು ಬೀಳುತ್ತಿದ್ದವು. ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಡುವುದಕ್ಕೂ ಬಗ್ಗಲಾರದಷ್ಟು ಸುಸ್ತು. "ಏನಮ್ಮಾ, ಆಕಾಶ ಹೊತ್ಕೊಂಡು ಬಂದಿದ್ದೀಯಾ?" ಎಂದು ಮಗಳು ನಗುತ್ತಿದ್ದಳು. ನಗುವುದಕ್ಕೂ ಇವಳಿಗೆ ತ್ರಾಣವಿರುತ್ತಿರಲಿಲ್ಲ.

ಯೋಜನೆಯ ಒಳಗೆ ಇನ್ನೊಂದು ಮಾತಿತ್ತು. ಜಾಲಕ್ಕೆ ಸೇರುವ ದೂರದರ್ಶಕವನ್ನು ಜಾಲವೇ ನಡೆಸಬೇಕು. ಎತ್ತ ತಿರುಗಬೇಕು, ಗುಮ್ಮಟ ಯಾವಾಗ ತೆರೆಯಬೇಕು ಎಂದು ಕೆಳಗಿನಿಂದ ಆಜ್ಞೆ ಹೋಗಬೇಕು. ಬೆಟ್ಟದ ಮೇಲೆ ರಾತ್ರಿ ಕಾಯುವವನು ಬೇಕಿಲ್ಲ. ಅವಳಿಗೆ ಇದು ಮೊದಲ ಓದಿನಲ್ಲೇ ತಿಳಿದಿತ್ತು. ಗಂಡನಿಗೆ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ದೂರದರ್ಶಕಕ್ಕೆ ಮೋಟಾರು ಕೂರಿಸುವವರು ಬೆಟ್ಟ ಹತ್ತಿಬಿಟ್ಟರು. ಅವತ್ತು ಗಂಡನ ಫೋನ್ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಅವಳು ರಜೆ ಹಾಕಿ ಜೀಪು ಹತ್ತಿದಳು.

ಅವನು ಬೆಟ್ಟದ ಊಟದ ಕೋಣೆಯಲ್ಲಿ ಕಿಟಕಿಯ ಪಕ್ಕ ಕುಳಿತಿದ್ದ. ಅವನಿಗೆ ಮಧ್ಯಾಹ್ನವೆಂದರೆ ಆಗಷ್ಟೇ ಬೆಳಗಾದ ಹೊತ್ತು. ಕೈಯಲ್ಲಿ ಚಹಾ, ಕೂದಲು ಕೆದರಿದೆ, ಒಂದು ಮೊಣಕಾಲಿಗೆ ಬಟ್ಟೆಯ ಪಟ್ಟಿ. ಅವಳು ಎದುರು ಕುರ್ಚಿ ಎಳೆದು ಕೂತಳು.

"ನಿಂಗೆ ಮೊದ್ಲೇ ಗೊತ್ತಿತ್ತಲ್ವಾ?"

"ಗೊತ್ತಿತ್ತು."

"ಒಂದ್ ಮಾತು ಹೇಳ್ಬೋದಿತ್ತು."

"ಏನಂತ ಹೇಳ್ಲಿ? ನಿಮ್ಮ ಕೆಲ್ಸಕ್ಕೆ ನಾನೇ ಕಲ್ಲು ಹಾಕ್ತಿದ್ದೀನಿ ಅಂತ್ಲಾ?"

ಅವನು ಬಹಳ ಹೊತ್ತು ಚಹಾ ಕಲಕಿದ. ಲೋಟದಲ್ಲಿ ಕಲಕುವುದಕ್ಕೆ ಏನೂ ಉಳಿದಿರಲಿಲ್ಲ.

"ಮೋಟಾರು ಚೆನ್ನಾಗಿ ಕೂರಿಸಿದ್ದಾರೆ," ಎಂದ ಕೊನೆಗೆ. "ನಾನು ತಿರುಗಿಸೋದಕ್ಕಿಂತ ಮೆತ್ತಗೆ ತಿರುಗತ್ತೆ. ನಾನೇ ನೋಡ್ದೆ. ಒಂದಾದ್ರೂ ಕೊಂಕು ಸಿಗತ್ತೇನೋ ಅಂತ ಹುಡುಕ್ದೆ ಕಣೇ, ಸಿಗ್ಲಿಲ್ಲ."

ಅವನು ಜಗಳವಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಆಡಲಿಲ್ಲ. ಅವಳ ಚೀಲವನ್ನು ತಾನೇ ಹೊತ್ತು, ಕುಂಟುತ್ತ ಜೀಪಿನವರೆಗೆ ಬಂದು ಕಳಿಸಿಕೊಟ್ಟ.

ಆ ವರ್ಷದ ಮೋಡದ ತಿಂಗಳಿಗೆ ಇಳಿದು ಬಂದವನು ಮತ್ತೆ ಹತ್ತಲಿಲ್ಲ. ಬೆಟ್ಟದ ದೂರದರ್ಶಕ ಜಾಲದ ಮಾತು ಕೇಳಿಕೊಂಡು ತನ್ನ ಪಾಡಿಗೆ ತಾನು ನಡೆಯಿತು. ಮನೆಯಲ್ಲಿ ಮಾತ್ರ ಯಾವುದೂ ಹೊಂದಿಕೆಗೆ ಬರಲಿಲ್ಲ. ಅವಳು ಏಳುವ ಹೊತ್ತಿಗೆ ಅವನು ಮಲಗುವನು. ಮಲಗಿದ್ದಾನೆಂದು ಮಿಕ್ಸಿ ತಿರುಗಿಸುವಂತಿಲ್ಲ, ಪರದೆ ಸರಿಸುವಂತಿಲ್ಲ. ಅವಳು ಹಾಸಿಗೆಗೆ ಬೀಳುವ ಹೊತ್ತಿಗೆ ಅವನಿಗೆ ಮಾತಿನ ಹುರುಪು. ಬಚ್ಚಲಿನ ದೀಪ ಕೂಡ ಅವನಿಗೆ ಕಣ್ಣು ಚುಚ್ಚುತ್ತಿತ್ತು. ದೂರವಿದ್ದೇ ಬೆಳೆಸಿದ ಸಂಸಾರ. ಹತ್ತಿರ ಬಂದಾಗ ಕೈಕಾಲು ಎಲ್ಲಿಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಮಗಳೇ ಒಂದು ದಿನ ಹೇಳಿದಳು: "ಅಪ್ಪನ್ನ ನಿನ್ ಜೊತೆ ಕರ್ಕೊಂಡು ಹೋಗಮ್ಮ. ಇಲ್ಲಾಂದ್ರೆ ನಾವಿಬ್ರೂ ಹುಚ್ಚರಾಗ್ತೀವಿ."

ನೆಲಮಾಳಿಗೆಯಲ್ಲಿ ಅವನಿಗೆ ತಕ್ಕ ಕೆಲಸವೂ ಇತ್ತು. ಜಾಲಕ್ಕೆ ಹೊಸ ಚಿತ್ರಗಳಷ್ಟೇ ಸಾಲದು, ಹಳೆಯವೂ ಬೇಕು. ನಕ್ಷತ್ರ ಮೊದಲು ಹೇಗಿತ್ತೆಂದು ತಿಳಿಯದೆ ಈಗ ಹೇಗಾಗಿದೆಯೆಂದು ಹೇಳುವುದು ಹೇಗೆ? ಹಳೆಯವೆಲ್ಲ ಟೇಪುಗಳಲ್ಲಿದ್ದವು. ಕಾಲ ಕಳೆದು ಟೇಪಿನ ಅಂಟು ತೇವ ಹೀರಿ ಜಿಗುಟಾಗಿತ್ತು. ಹಾಗೇ ಓಡಿಸಿದರೆ ಅದನ್ನು ಓದುವ ಯಂತ್ರದ ತಲೆಗೆ ಮೆತ್ತಿಕೊಂಡು ಚಿತ್ರವೇ ಸುಲಿದು ಬರುತ್ತಿತ್ತು. ಅದಕ್ಕೆ ಪ್ರಯೋಗಾಲಯದ ಒಲೆಯಲ್ಲಿ, ಕೈ ಸುಡದಷ್ಟು ಹದವಾದ ಶಾಖದಲ್ಲಿ, ದಿನಗಟ್ಟಲೆ ಇಟ್ಟು ಒಣಗಿಸಿ, ಆರಿಸಿ, ಆಮೇಲೆ ಓಡಿಸಬೇಕು. ಓಡುವುದಾದರೂ ಒಂದೋ ಎರಡೋ ಸಲ. ಅಷ್ಟರೊಳಗೆ ಸಿಕ್ಕಿದ್ದು ಸಿಕ್ಕಿತು.

ತನ್ನದೇ ಟೇಪುಗಳನ್ನು ಬೇಯಿಸುವ ಕೆಲಸಕ್ಕೆ ಅವನು ಕೂತ. ಹಳೆಯ ಸ್ವೆಟರೊಂದನ್ನು ಅವಳು ತಂದುಕೊಟ್ಟಳು. ಯಂತ್ರದ ಪಕ್ಕದ ಕುರ್ಚಿಯಲ್ಲಿ ಆಗಾಗ ತೂಕಡಿಸುತ್ತಿದ್ದ. ಸುರುಳಿ ನಿಂತ ಸದ್ದಾದರೆ ಮಾತ್ರ ತಟ್ಟನೆ ಕಣ್ಣು ತೆರೆಯುತ್ತಿದ್ದ. ಕೆಲವು ನೆಟ್ಟಗೆ ಬಂದವು, ಕೆಲವು ಅರ್ಧಂಬರ್ಧ, ಕೆಲವು ಬರೀ ಗರಗರ. ಚಿತ್ರ ಬಂದಾಗ, "ಅವತ್ತು ಗಾಳಿ ಹೇಗಿತ್ತು ಅಂತೀಯಾ!" ಎಂದು ಏನೋ ಹೇಳಲು ಹೊರಡುತ್ತಿದ್ದ. ಅವಳು ಆಚೆ ಮೇಜಿನಲ್ಲಿ ಯಾವುದೋ ಸಮಿತಿಗೆ ಉತ್ತರ ಬರೆಯುತ್ತ ಹೂಂಗುಟ್ಟುತ್ತಿದ್ದಳು.

ಹೀಗಿರುವಾಗ ಒಂದು ಪೆಟ್ಟಿಗೆ ಒಲೆಯಿಂದ ಆಚೆ ಬಂತು. ಮೇಲೆ ಬರೆದಿದ್ದ ತಿಂಗಳು ನೋಡಿ ಅವಳ ಕೈ ನಿಂತಿತು. ಮಗಳು ಹುಟ್ಟಿದ ತಿಂಗಳು.

ಆ ತಿಂಗಳು ದೂರದ ಒಂದು ನಕ್ಷತ್ರ ಸಿಡಿದು, ಆಕಾಶದ ಒಂದು ಮೂಲೆ ಇದ್ದಕ್ಕಿದ್ದಂತೆ ಬೆಳಗಿತ್ತು. ಅಂಥದ್ದು ಬೆಟ್ಟದವರ ಪಾಲಿಗೆ ಬದುಕಿನಲ್ಲಿ ಒಮ್ಮೆ ಸಿಕ್ಕರೆ ಹೆಚ್ಚು. ಇವಳಿಗೆ ನೋವು ಶುರುವಾಗಿದೆ ಎಂದು ಸುದ್ದಿ ಹೋದಾಗ ಅವನು, ಆಕಾಶ ತಿಳಿಯಾಗಿದೆ, ಬೇರೆ ಯಾರೂ ನೋಡುವವರಿಲ್ಲ, ಇದು ಮುಗಿದ ತಕ್ಷಣ ಬಂದೆ ಎಂದು ಹೇಳಿಕಳಿಸಿದ್ದ. ಬಂದಾಗ ಮಗುವಿಗೆ ಕಣ್ಣು ನಿಲ್ಲಿಸಿ ನೋಡುವಷ್ಟು ವಯಸ್ಸಾಗಿತ್ತು. ಹೆರಿಗೆ ಕಷ್ಟದ್ದಾಗಿತ್ತು. ಪಕ್ಕದಲ್ಲಿ ಅತ್ತೆಯೊಬ್ಬರೇ ಇದ್ದರು. "ನನ್ನ ಮಗ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗತ್ತೆ ಕಣೇ" ಎಂದು ಆ ಅತ್ತೆಯೇ ಅತ್ತಿದ್ದರು. ಇವಳು ಅಳಲಿಲ್ಲ, ಬೈಯಲೂ ಇಲ್ಲ. ಆದರೆ ಅದು ಹೊಟ್ಟೆಯೊಳಗೆ ಹಾಗೇ ಕುಳಿತುಬಿಟ್ಟಿತು. ಅವನಿಗೂ ಅದು ಗೊತ್ತಿತ್ತು.

ಅವನು ಸುರುಳಿ ಏರಿಸಿದ. ಟೇಪು ಓಡಿತು. ಪರದೆಯ ಮೇಲೆ ಏನೂ ಬರಲಿಲ್ಲ. ಎರಡನೆಯದು, ಮೂರನೆಯದು, ಯಾವುದರಲ್ಲೂ ಏನೂ ಇಲ್ಲ. ಅವಳು ಎದ್ದು ಬಂದು ಯಂತ್ರದ ತಲೆ ಒರೆಸಿ, ಇನ್ನೊಂದು ಸಲ ಓಡಿಸಿದಳು. ಪೆಟ್ಟಿಗೆಯನ್ನು ಮತ್ತೆ ಒಲೆಗಿಟ್ಟು ನೋಡಿದಳು. ಹಳೆಯ ಟೇಪು ಓದುವುದರಲ್ಲಿ ಪಳಗಿದ ಇನ್ನೊಂದು ಕೇಂದ್ರಕ್ಕೆ ಕಳಿಸಿ, ಬರುವವರೆಗೆ ಕಾದಳು. ಅವರೂ ಕೈಚೆಲ್ಲಿದರು. ಈ ಟೇಪು ಹಾಳಾಗಿ ಹೋಗಲಿ ಎಂದು ಎಷ್ಟೋ ವರ್ಷ ಒಳಗೊಳಗೇ ಹಾರೈಸಿದ್ದವಳು ಅವಳೇ. ಈಗ ಹಾಗೇ ಆದಾಗ ಅವಳಿಗೆ ಎಳ್ಳಷ್ಟೂ ಸಮಾಧಾನವೆನಿಸಲಿಲ್ಲ. ಅಲ್ಲೇ ಪೆಟ್ಟಿಗೆಯ ಮೇಲೆ ಕೂತಳು.

"ಹೋಯ್ತಾ?" ಎಂದ ಅವನು.

"ಹೋಯ್ತು ಕಣ್ರೀ. ಮಾಡೋದೆಲ್ಲಾ ಮಾಡಿದ್ದಾಯ್ತು."

ಅವನು ಸ್ವೆಟರಿನ ತೋಳು ಎಳೆದುಕೊಂಡ. ಆಮೇಲೆ, "ಒಂದ್ಸಲ ನಿನ್ ಜಾಲಾನ ಕೇಳು. ಬೇರೆ ಎಲ್ಲಾದ್ರೂ ಇದ್ಯೇನೋ," ಎಂದ.

ಅವಳು ನಕ್ಷತ್ರದ ಜಾಗ, ಆ ತಿಂಗಳು, ಎರಡನ್ನೂ ಕೊಟ್ಟಳು. ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಉತ್ತರಗಳು ಬರತೊಡಗಿದವು. ಭೂಮಿಯ ಆ ಕಡೆಯಿಂದ ಒಂದು. ಈ ಕಡೆಯಿಂದ ಎರಡು. ಮುಂಚೆ ಯಾರ ಕಣ್ಣಿಗೂ ಬೀಳದೆ ಯಾವುದೋ ಕಪಾಟಿನಲ್ಲಿ ಬಿದ್ದಿದ್ದು, ಈಚೆಗೆ ಜಾಲಕ್ಕೆ ಸೇರಿದವು. ಸಿಡಿದ ಆ ನಕ್ಷತ್ರ ಒಂದೊಂದರಲ್ಲೂ ಸ್ಪಷ್ಟವಾಗಿತ್ತು. ಅವೇ ರಾತ್ರಿಗಳು. ಸೊನ್ನೆ ಬರೆಯುತ್ತಿದ್ದ ಕೇಂದ್ರದ್ದೇ ಎಲ್ಲಕ್ಕಿಂತ ಚೆನ್ನಾಗಿತ್ತು.

ಅವನು ಕನ್ನಡಕ ಹಣೆಗೇರಿಸಿ, ಪರದೆಗೆ ಮುಖ ತಾಗುವಷ್ಟು ಬಾಗಿ ನೋಡಿದ.

"ಅಂದ್ರೆ ಇವ್ರೆಲ್ಲಾ ನೋಡ್ತಿದ್ರು."

"ಹೂಂ."

"ಅಂದ್ರೆ ನಾನು ಅವತ್ತು ಇಳ್ದು ಬಂದಿದ್ರೂ ನಡೀತಿತ್ತು."

ಹೌದು ಎನ್ನುವುದಕ್ಕೆ ಅವಳಿಗೆ ಬಾಯಿ ಬರಲಿಲ್ಲ. ಇಲ್ಲ ಎಂದರೆ ಸುಳ್ಳಾಗುತ್ತಿತ್ತು. "ಅವಾಗ ನಿಮಗ್ಯಾರು ಹೇಳ್ತಿದ್ರು? ಒಬ್ರಿಗೊಬ್ರು ಗೊತ್ತೇ ಇರ್ಲಿಲ್ಲ," ಎಂದಳು.

"ನಂಗೆ ಗೊತ್ತಿರ್ಬೇಕಾಗಿದ್ದು ಅದಲ್ಲ ಕಣೇ," ಎಂದ ಅವನು. "ನೀನು ಎಷ್ಟು ಒದ್ದಾಡಿದ್ಯೋ ಏನೋ. ಇವತ್ತಿನವರೆಗೂ ನಾನು ಕೇಳೇ ಇಲ್ಲ."

ಅವಳು ಹೇಳಿದಳು. ಯಂತ್ರಗಳ ಗುಂಯ್‌ಗುಡುವ ಸದ್ದಿನಲ್ಲಿ, ಇಬ್ಬರೂ ಸ್ವೆಟರು ತೊಟ್ಟುಕೊಂಡು, ಟೇಪಿನ ಪೆಟ್ಟಿಗೆಗಳ ಮೇಲೆ ಕೂತಿದ್ದರು. ಆಸ್ಪತ್ರೆಯ ಮೆಟ್ಟಿಲು ಹತ್ತಲಾರದೆ ಕೂತದ್ದು, ವೈದ್ಯೆ ಗದರಿದ್ದು, ಮಗು ಮೊದಲು ಅಳದೆ ಇದ್ದದ್ದು, ಅತ್ತೆ ಬಾಗಿಲ ಹೊರಗೆ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಮನೆಗೆ ಹೋದದ್ದು, ಒಂದೂ ಬಿಡದೆ ಹೇಳಿದಳು. ಸಿಟ್ಟಿನಿಂದ ಹೇಳಲಿಲ್ಲ, ಸಿಟ್ಟಿಗೆ ಬೇಕಾದ ಕಸುವು ಎಂದೋ ಕಳೆದಿತ್ತು. ಅವನು ತನ್ನ ತಾಯಿಯ ಚಪ್ಪಲಿಯ ಮಾತಿಗೆ ನಕ್ಕು, ನಗುತ್ತಲೇ ಕಣ್ಣೊರೆಸಿಕೊಂಡ.

ಬಸ್ಸಿನಲ್ಲಿ ಅವನು ಅವಳ ಹೆಗಲಿಗೆ ತಲೆಯಿಟ್ಟು ನಿದ್ದೆಹೋದ. ಜನ ನೋಡುತ್ತಿದ್ದರು. ಅವಳು ಹೆಗಲು ಸರಿಸಲಿಲ್ಲ.

ಮನೆಗೆ ಬಂದು ಅವನು ಮಗಳ ಮುಂದೆ ನಿಂತು, ಅವಳು ಹುಟ್ಟಿದಾಗ ತಾನು ಬಾರದೆ ಹೋದದ್ದನ್ನೆಲ್ಲ ಹೇಳಿ ತಪ್ಪೊಪ್ಪಿಕೊಂಡ. ಮಗಳು ತಲೆ ಓರೆಮಾಡಿ ಕೇಳಿಸಿಕೊಂಡಳು.

"ನಂಗೇನು ನೆನಪಿದ್ಯಾ ಅಪ್ಪಾ? ನಾನಾಗ ಹುಟ್ತಿದ್ದೆ, ಬೇರೆ ಕೆಲ್ಸ ಇತ್ತು," ಎಂದಳು. ಆಮೇಲೆ ಅವನ ಮುಖ ನೋಡಿ ದನಿ ಇಳಿಸಿದಳು. "ಅಮ್ಮಂಗೆ ಹೇಳಿದ್ಯಾ? ಅಷ್ಟು ಸಾಕು. ಈಗ ಆ ಕುರ್ಚೀಲಿ ಕೂತ್ಕೋ, ಕಾಲು ಮುಂದೆ ಚಾಚು. ದಿನಾ ತಪ್ಪಿಸ್ಕೊಳ್ತೀಯಾ ನೀನು."

"ನೋಯತ್ತೆ ಕಣೇ."

"ನೋಯ್ಲಿ. ಎತ್ತು. ಇನ್ನೂ ಮೇಲೆ. ಹಿಡ್ಕೋ."

ಉಗ್ರಾಣದಮ್ಮ ಒಳಕೋಣೆಗೆ ಹೋಗಿ ಹಾಸಿಗೆಯ ಮೇಲೆ ಒರಗಿದಳು. ಐದು ನಿಮಿಷ ಸೊಂಟ ನೆಟ್ಟಗೆ ಮಾಡಿ ಎದ್ದು ಅಡುಗೆಗೆ ಇಡಬೇಕೆಂದುಕೊಂಡಿದ್ದಳು. ಆಚೆ ಗಂಡ ಮುಲುಗುವುದು, ಮಗಳು ಗದರುವುದು ಕೇಳುತ್ತಿತ್ತು. ಕೇಳುತ್ತ ಕೇಳುತ್ತ ರೆಪ್ಪೆ ಭಾರವಾಯಿತು. ಆ ಸಂಜೆ ಅಡುಗೆಯನ್ನು ಅಪ್ಪ ಮಗಳೇ ಮಾಡಿಕೊಂಡರು. ಅವಳನ್ನು ಎಬ್ಬಿಸಲಿಲ್ಲ.