ತಾರಿ ದಾಟಿ ಬಂದ ಪಂಪು

ಅರವತ್ತರ ದಶಕದ ಮೊದಲಲ್ಲಿ ನಾನು ಹೊನ್ನಾವರದ ಹೈಸ್ಕೂಲೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಆಗ ನಮ್ಮ ಕಡೆಯ ಶಾಲೆಗಳಲ್ಲಿ ಒಂದು ರೂಢಿಯಿತ್ತು. ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬರುತ್ತಾರೆಂದರೆ, ಒಂದು ಶಾಲೆಯಲ್ಲಿ ಇಲ್ಲದ ಉಪಕರಣ ಇನ್ನೊಂದು ಶಾಲೆಯಿಂದ ಬರುತ್ತಿತ್ತು. ಅವರು ಮುಂದಿನ ಊರು ಮುಟ್ಟುವುದರೊಳಗೆ ಅದು ವಾಪಸು ಹೋಗುತ್ತಿತ್ತು. ಇದನ್ನು ಮೋಸವೆಂದು ಯಾರೂ ತಿಳಿದಿರಲಿಲ್ಲ. ನಾನೂ ತಿಳಿದಿರಲಿಲ್ಲ.

ನಮ್ಮಲ್ಲಿ ಇದ್ದ ದೊಡ್ಡ ವಸ್ತುವೆಂದರೆ ಗಾಳಿ ಎಳೆಯುವ ಪಂಪು. ಗಾಜಿನ ಜಾಡಿಯೊಳಗೆ ವಿದ್ಯುತ್ ಗಂಟೆ ಬಡಿಯುತ್ತಿರುವಾಗ ಗಾಳಿ ಎಳೆದರೆ ಸದ್ದು ಸಣ್ಣಗಾಗಿ ಅಡಗುತ್ತಿತ್ತು. ಭಟ್ಕಳದ ಶಾಲೆಯಲ್ಲಿ ಅದಿರಲಿಲ್ಲ. ಅಲ್ಲಿಯ ವಿಜ್ಞಾನದ ಮಾಸ್ತರ ಧಾರವಾಡದಲ್ಲಿ ಓದುವಾಗ ನನ್ನ ಕೋಣೆಯಲ್ಲೇ ಇದ್ದವನು. ಇಬ್ಬರದೂ ಹಂಗಾಮಿ ನೌಕರಿ. ಆ ವರ್ಷದ ತಪಾಸಣೆಯ ವರದಿ ಚೆನ್ನಾಗಿದ್ದರೆ ಕಾಯಂ ಆಗುವುದಿತ್ತು.

"ಪಂಪು ಕೊಡು ಮಾರಾಯಾ, ಸಾಹೇಬರಿಗಿಂತ ಮೊದಲೇ ನಿನ್ನ ಕೈಗೆ ಮುಟ್ಟಿಸ್ತೇನೆ" ಎಂದ. ಕೊಟ್ಟೆ.

ನಮ್ಮ ತಪಾಸಣೆಯ ಬೆಳಿಗ್ಗೆ ಶರಾವತಿಯ ದಡಕ್ಕೆ ಹೋಗಿ ನಿಂತೆ. ಆಗ ಸೇತುವೆ ಇರಲಿಲ್ಲ; ಜನರನ್ನು ಹೊಳೆ ದಾಟಿಸುವ ತಾರಿ ಬಂತು. ಗೋಣಿ ಸುತ್ತಿದ ಪೆಟ್ಟಿಗೆ ಹೊತ್ತು ಭಟ್ಕಳದ ಶಾಲೆಯ ಜವಾನ ಇಳಿದ. ಅವನ ಹಿಂದೆಯೇ ಸಾಹೇಬರು ಇಳಿದರು.

"ನಿಮ್ಮ ಸ್ನೇಹಿತರ ಪಂಪು ಬಂತು ನೋಡಿ" ಎಂದರು. "ಹೊನ್ನಾವರದಲ್ಲಿ ಎಂತದೂ ಇಲ್ಲ ಪಾಪ, ನಾವೇ ಕೊಡ್ತೇವೆ ಅಂದರು. ದೊಡ್ಡ ಮನಸ್ಸು ಅವರದು."

'ಪಾಪ' ಎಂದು ಅವರೇ ಅಂದರೋ, ಆಮೇಲೆ ಸಿಟ್ಟಿನಲ್ಲಿ ನಾನೇ ಸೇರಿಸಿಕೊಂಡೆನೋ, ಈಗ ಹೇಳಲಾರೆ. ಉಳಿದದ್ದನ್ನು ಅಂದದ್ದು ಖರೆ.

ಅದು ನಮ್ಮದು ಎನ್ನಬಹುದಿತ್ತು. ಹಾಗೆಂದಿದ್ದರೆ ಅವನ ನೌಕರಿ ಹೋಗುತ್ತಿತ್ತು. ಸುಮ್ಮನಾದೆ. ಅವನಿಗಾಗಿಯೇ ಸುಮ್ಮನಾದೆನೋ, ರೂಢಿ ಬಯಲಾದರೆ ನಾನೂ ಸಿಕ್ಕಿಬೀಳುತ್ತೇನೆಂದೋ? ಎರಡೂ ಇದ್ದಿರಬೇಕು.

ತರಗತಿಯಲ್ಲಿ ಪಂಪು ಎಂದಿಗಿಂತ ಚೆನ್ನಾಗಿ ನಡೆಯಿತು. "ಎರವಲು ತಂದದ್ದನ್ನೂ ಒಳ್ಳೆ ನಡೆಸ್ತೀರಿ" ಎಂದ ಸಾಹೇಬರು, ಪ್ರಯೋಗಶಾಲೆ ತೃಪ್ತಿಕರವಾಗಿಲ್ಲವೆಂದು ಬರೆದು ಹೋದರು.

"ಮಾಸ್ತರೇ, ನಿಮ್ಮ ಬಾಯಿಗೆ ಎಂತ ಆಗಿತ್ತು?" ಎಂದು ಹೆಡ್‌ಮಾಸ್ತರರು ರೇಗಿದರು. ಆದರೆ ಪಂಪು ಕಳಿಸಲು ಒಪ್ಪಿದವರು ಅವರೇ; ಪಂಪು ನಮ್ಮದೇ ಎಂದು ಮೇಲಿನವರಿಗೆ ಬರೆಯುವಂತಿರಲಿಲ್ಲ.

ಅವನು ಕಾಯಂ ಆದ. ನಾನು ಹಂಗಾಮಿಯಾಗಿಯೇ ಉಳಿದೆ.

ಕೆಲವು ತಿಂಗಳ ನಂತರ ಕುಮಟೆಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಅವನು ಮುಖ ತಪ್ಪಿಸುತ್ತಾನೆಂದುಕೊಂಡಿದ್ದೆ. ನಗುತ್ತಲೇ ಬಂದ.

"ಎಂತ ಮಾರಾಯಾ, ಇನ್ನೂ ಸಿಟ್ಟಾ?"

"ನಮ್ಮಲ್ಲಿ ಎಂತದೂ ಇಲ್ಲ ಅಂತ ಯಾಕೆ ಹೇಳಿದೆ?"

"ಪೆಟ್ಟಿಗೆ ಅವರ ಕಣ್ಣೆದುರೇ ತಾರಿ ಹತ್ತುವುದಿತ್ತಲ್ಲ, ಏನಾದರೂ ಹೇಳಬೇಕಾಯಿತು. ನೀನು ಬಾಯಿ ಬಿಡುವವನಲ್ಲ ಅಂತ ಗೊತ್ತಿತ್ತು ನನಗೆ" ಎಂದು ಹೆಗಲ ಮೇಲೆ ಕೈ ಹಾಕಿದ. ಹೊಗಳುವ ಹಾಗೆಯೇ ಅಂದ.

ನನ್ನ ಮೌನ ನಾನು ಅವನಿಗೆ ಕೊಟ್ಟದ್ದು ಎಂದುಕೊಂಡಿದ್ದೆ. ನಾನು ಕೊಡುವ ಮೊದಲೇ ಅವನು ಅದನ್ನು ತೆಗೆದುಕೊಂಡಾಗಿತ್ತು.

ಬಸ್ಸು ಬಂತು. ಅವನು ಹತ್ತಿ, ಕಿಟಕಿಯಿಂದ ಟವೆಲು ಬೀಸಿ, ನನಗೂ ಜಾಗ ಹಿಡಿದಿದ್ದೇನೆಂದು ಕೂಗಿದ. ನಾನು ಮುಂದಿನ ಬಸ್ಸಿಗೆ ಕಾದೆ.