ಕುದುರೆಯ ಜೊತೆ ಓಡಿದ ಸವಾರ

ಬೆಳಗಾವಿಯ ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಸೀರೆ ವ್ಯಾಪಾರಿ, ದಪ್ಪ ಮನುಷ್ಯ. ಗಿರಾಕಿಗಳನ್ನು ಕೂರಿಸಿಯೇ ತಮ್ಮ ಹೆಣ್ಣು ಕುದುರೆಗೆ ನೀರು ಕುಡಿಸಲು ಏಳುತ್ತಿದ್ದರು. ಯಾರಾದರೂ ಗೊಣಗಿದರೆ, 'ಮದಲ ಆಕೀದು, ಆಮ್ಯಾಲ ನಮ್ದು' ಎಂದು ಹೊಟ್ಟೆ ಕುಣಿಸಿ ನಗುತ್ತಿದ್ದರು.

ಎಪ್ಪತ್ತರ ದಶಕದ ಕೊನೆಗೆ ಒಮ್ಮೆ ಬೆಳಗಾವಿಯಿಂದ ಖಾನಾಪುರದವರೆಗೆ ಕುದುರೆ ಸವಾರಿಯ ಪಂದ್ಯ ನಡೆಯಿತು. ಕಾಕಾ ಕೂಡ ತಮ್ಮ ಕುದುರೆ ಏರಿ ಪಂದ್ಯಕ್ಕೆ ಇಳಿದರು. ಗುರಿ ಮುಟ್ಟಿದ ಕುದುರೆಯನ್ನು ದನದ ಡಾಕ್ಟರು ಪರೀಕ್ಷಿಸುತ್ತಿದ್ದರು. ಅದು ಕುಂಟಿದರೆ ಸವಾರ ಪಂದ್ಯದಿಂದ ಹೊರಗೆ. ನಾವು ಗೆಳೆಯರು ಟೆಂಪೋ ಹತ್ತಿ, ಕೂಗುತ್ತ ಹಿಂದೆ ಹೊರಟೆವು. ಕಾಕಾ ಎಲ್ಲರಿಗಿಂತ ಮುಂದಿದ್ದರು. ಖಾನಾಪುರ ಹತ್ತಿರವಾದಾಗ ಕುದುರೆ ಮುಗ್ಗರಿಸಿತು. ಕಾಕಾ ಥಟ್ಟನೆ ಇಳಿದು, ಲಗಾಮು ಹಿಡಿದು, ಅದರ ಪಕ್ಕದಲ್ಲಿ ಓಡತೊಡಗಿದರು.

'ಕುದರಿ ಹತ್ರೀ ಕಾಕಾ, ಸೋಲ್ತೀರಿ!' ಎಂದು ಕಿರುಚಿದೆವು.

'ಆಕಿ ದಣದಾಳೋ! ಇಲ್ಲೀತನಾ ಓಡಿಸಿದಾಂವ ನಾನು, ಈಗ ನಾನೂ ಓಡ್ತೀನಿ!'

ಉಳಿದವರೆಲ್ಲ ನಗುತ್ತ ದಾಟಿ ಹೋದರು. ಕಾಕಾ ಕೊನೆಯವರಾಗಿ ತಲುಪಿ ಹುಲ್ಲಿನ ಮೇಲೆ ಉರುಳಿದರು. ಡಾಕ್ಟರು ಕುದುರೆಯನ್ನು ನಡೆಸಿ ನೋಡಿ, 'ಕುದರಿ ಪಾಸಾತ್ರಿ. ಸವಾರಂದಽ ಕಠಿಣ ಐತಿ!' ಎಂದರು. ಏದುಸಿರಿನಲ್ಲೇ ಕಾಕಾ ಗಹಗಹಿಸಿದರು. ನಮಗೂ ನಗು ತಡೆಯಲಾಗಲಿಲ್ಲ. ಅವರನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಊರಿಗೆ ಬಂದ ಮೇಲೆಯೇ ನೆನಪಾಯಿತು: ಗೆದ್ದವರು ಯಾರೆಂದು ನಾವು ಕೇಳಿಯೇ ಇರಲಿಲ್ಲ.