ನಾನು ಬಿಗಿದ ಎರಡು ಟ್ಯಾಗ್

ಸೆಲ್ವಂ, ಭದ್ರಾವತಿಯ ಆ ಲೈನ್ ಕೆಟ್ಟದ್ದು ನಿನ್ನ ಕೈಯಿಂದಲ್ಲ, ನನ್ನ ಕೈಯಿಂದ. ಅದು ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ವರದಿಯಲ್ಲಿ ನಿನ್ನ ಹೆಸರು ಬರೆದೆ.

ಪ್ರೀತಿಯಿಂದ ಇದನ್ನು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ನಿನ್ನನ್ನು ನಾನು ಯಾವತ್ತೂ ಇಷ್ಟಪಡಲಿಲ್ಲ — ಈಗಲೂ ಇಲ್ಲ. ಎಂಟಕ್ಕೆ ಬಾ ಎಂದರೆ ನೀನು ಒಂಬತ್ತೂವರೆಗೆ ಬರುವವನು. ಸ್ಕ್ರೂಗಳನ್ನು ಅಂಗಿಯ ಜೇಬಿಗೆ ಸುರಿದುಕೊಳ್ಳುವವನು. ನಾನೋ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ಸೈರನ್ ಕೇಳಿ ಎದ್ದು, ಸೈರನ್ ಕೇಳಿ ಉಂಡು ಬೆಳೆದವನು. ಕೇಬಲ್ ಕೆಲಸದ ಮೇಲ್ವಿಚಾರಕನಾಗಿ ಒಂದು ದಿನವೂ ತಡವಾಗಿ ಹೋದವನಲ್ಲ. ಅಂಥ ನನ್ನ ಕೈಕೆಳಗೆ ನೀನು. ಅದಕ್ಕಿಂತ ಕೆಟ್ಟದ್ದೆಂದರೆ — ಕೂದಲೆಳೆಯಂಥ ಗಾಜಿನ ಎರಡು ತುದಿಗಳನ್ನು ಬೆಸೆಯುವುದರಲ್ಲಿ ನಿನ್ನಷ್ಟು ಸಲೀಸಾದ ಕೈಯನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಅದನ್ನು ಸಹಿಸಲು ನನ್ನಿಂದ ಆಗುತ್ತಿರಲಿಲ್ಲ.

ಶಿವಮೊಗ್ಗದಲ್ಲಿ ಕಚೇರಿ, ಭದ್ರಾವತಿಯಲ್ಲಿ ವರ್ಕ್‌ಶಾಪ್ ಇದ್ದ ಒಂದು ಬಿಡಿಭಾಗಗಳ ಕಂಪನಿಗೆ ಎರಡರ ನಡುವೆ ಫೈಬರ್ ಎಳೆದುಕೊಡುವ ಕೆಲಸ. ಅವರ ಫೋನು, ಡ್ರಾಯಿಂಗು, ಆರ್ಡರು ಎಲ್ಲ ಅದರೊಳಗೇ ಬೆಳಕಾಗಿ ಹೋಗಬೇಕಿತ್ತು. ಕೊನೆಯ ಜಾಯಿಂಟ್ ಡಬ್ಬವನ್ನು ನೀನು ವರ್ಕ್‌ಶಾಪಿನ ಹೊರಗೋಡೆಗೆ ಕೂರಿಸಿದ್ದೆ. ಮರುದಿನ ಆ ಕಂಪನಿಯ ಮಾಲೀಕರು ನೋಡಲು ಬರುವವರಿದ್ದರು. ನಾನು ಮುಚ್ಚಳ ತೆಗೆದೆ. ಬೆಸೆದು ಉಳಿದ ಎಳೆಗಳು ದೊಡ್ಡ ಸಡಿಲ ಸುರುಳಿಯಾಗಿ, ಒಂದರ ಮೇಲೊಂದು ಬಿದ್ದುಕೊಂಡಿದ್ದವು.

"ಇದೇನಯ್ಯ, ಹಕ್ಕಿಗೂಡು ಕಟ್ಟಿದೀಯಾ?"

"ಹಾಗೇ ಬಿಡಿ ಸಾರ್. ಗಾಜು ಅದು, ಬಿಗಿದ್ರೆ ಬೆಳಕು ಸೋರತ್ತೆ," ಎಂದು ನೀನು ಹೇಳಿದೆ. ಆಮೇಲೆ ಗುಂಡಿ ತೋಡುವವರ ಕಡೆ ತಿರುಗಿ, "ಸಾರ್‌ಗೆ ಬೆಳಕೂ ಸಾಲಲ್ಲಿ ನಿಂತು ಕವಾಯತು ಮಾಡ್ಬೇಕು ಮಾರಾಯ," ಎಂದೆ.

ಎಲ್ಲರೂ ನಕ್ಕರು.

ನೀವೆಲ್ಲ ಟೀ ಕುಡಿಯಲು ಹೋದಾಗ ನಾನು ಆ ಸುರುಳಿಯನ್ನು ಬಳೆಯಷ್ಟು ಚಿಕ್ಕದಾಗಿ ಸುತ್ತಿದೆ. ತಂತಿ ಕಟ್ಟುವ ಎರಡು ಬಿಳಿ ಪ್ಲಾಸ್ಟಿಕ್ ಟ್ಯಾಗ್ ಹಾಕಿ ಬಿಗಿಯಾಗಿ ಎಳೆದೆ. ತುದಿಗಳನ್ನು ಸಮನಾಗಿ ಕತ್ತರಿಸಿದೆ. ತಾಮ್ರದ ತಂತಿಯನ್ನು ವರ್ಷಗಟ್ಟಲೆ ಹಾಗೇ ಕಟ್ಟಿದ್ದವನು ನಾನು. ಗಾಜನ್ನು ಹಾಗೆ ಬಿಗಿಯಬಾರದೆಂದು ತರಬೇತಿಯಲ್ಲೂ ಕೇಳಿದ್ದೆ — ಆದರೆ ನಿನ್ನ ಬಾಯಿಂದ ಕೇಳಿದ ಮೇಲೆ ಬಿಗಿಯಲೇಬೇಕು ಅನ್ನಿಸಿತು. ಮಾಲೀಕರು ಡಬ್ಬ ನೋಡಿ, "ಎಷ್ಟು ಅಚ್ಚುಕಟ್ಟು," ಎಂದರು. ನನಗೆ ಹಿಗ್ಗಾಯಿತು.

ನಾಲ್ಕನೆಯ ದಿನದಿಂದ ಲೈನ್ ಬೀಳತೊಡಗಿತು. ಬೆಳಿಗ್ಗೆ ಸರಿ, ಬಿಸಿಲೇರಿದಂತೆ ಮಾಯ. "ಡ್ರಾಯಿಂಗನ್ನ ಪೆನ್‌ಡ್ರೈವಲ್ಲಿ ಹಾಕಿ ಬಸ್ಸಲ್ಲಿ ಕಳಿಸ್ತಿದೀವಿ ಕಣ್ರೀ. ಇದಕ್ಕೆ ನಿಮ್ಮ ಫೈಬರ್ ಬೇಕಿತ್ತಾ?" ಎಂದು ಮಾಲೀಕರು ಫೋನಿನಲ್ಲಿ ಉಗಿದರು. ನೀನು ಆಗ ಸೋಗಾನೆಯ ಕಡೆ ಬೇರೆ ಕೆಲಸದಲ್ಲಿದ್ದೆ. ನಾನೊಬ್ಬನೇ ಹೋಗಿ ಬೆಳಕು ಅಳೆಯುವ ಮೀಟರ್ ಹಚ್ಚಿದೆ. ಬೆಳಕು ಸೋರುತ್ತಿದ್ದದ್ದು ಅದೇ ಡಬ್ಬದಲ್ಲಿ. ಟ್ಯಾಗ್ ಎರಡನ್ನೂ ಕತ್ತರಿಸಿ ಸುರುಳಿಯನ್ನು ಸಡಿಲ ಬಿಟ್ಟೆ, ಅಷ್ಟೇ. ಬೆಳಕು ಪೂರ್ತಿ ಬಂತು. ನಿನ್ನ ಬೆಸುಗೆಗಳನ್ನು ನಾನು ಮುಟ್ಟಲೂ ಇಲ್ಲ.

ದಿನಚರಿಯಲ್ಲಿ ಊಟದ ಹೊತ್ತನ್ನೂ ಬರೆದಿಡುವ ನಾನು ಇದನ್ನು ಬರೆಯಲಿಲ್ಲ. ವರದಿಯಲ್ಲಿ ಮಾತ್ರ ಬರೆದೆ: ಬೆಸುಗೆಯಲ್ಲಿ ದೋಷ, ಕೆಲಸಗಾರನ ಕೈ ಸ್ಥಿರವಾಗಿಲ್ಲ, ಮತ್ತೆ ಬೆಸೆದು ಸರಿಪಡಿಸಲಾಗಿದೆ. ನಮ್ಮ ಮ್ಯಾನೇಜರು ಆ ವಾರವೇ ನಿನ್ನನ್ನು ಕೆಲಸದಿಂದ ತೆಗೆದರು. ನೀನು ಜಗಳಕ್ಕೆ ಬರುತ್ತೀಯ ಎಂದುಕೊಂಡಿದ್ದೆ, ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ನೀನು ಬಂದು ಕೇಳಿದ್ದು ಬೇರೆ.

"ನನ್ನ ಕೈ ನಡುಗ್ತಿತ್ತಾ ಸಾರ್? ನೀವು ನೋಡಿದ್ರಾ?"

"ನೋಡಿದೆ," ಎಂದೆ ನಾನು.

ನೀನು ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡೆ. ನಿನ್ನ ಮುಖದಲ್ಲಿ ಹೆದರಿಕೆ ಕಂಡಿತು. ಅದು ನನಗೆ ಹಿತವಾಗಿತ್ತು — ಇದನ್ನೂ ಹೇಳಿಬಿಡಬೇಕು.

ಹೋದ ತಿಂಗಳು ಸವಳಂಗ ರಸ್ತೆಯ ಟೀ ಅಂಗಡಿಗೆ ನಾನು ಹೋದಾಗ ಅಲ್ಲಿ ನೀನಿದ್ದೆ. ಈಗ ಗೂಡ್ಸ್ ಆಟೋ ಓಡಿಸುತ್ತೀಯಂತೆ. ಪಕ್ಕದ ಅಂಗಡಿಯವನು, "ನಮ್ಮ ಫೈಬರ್ ಕಟ್ಟಾಗಿದೆ, ಒಂಚೂರು ಜಾಯಿಂಟ್ ಮಾಡ್ಕೊಡು ಮಾರಾಯ," ಎಂದು ನಿನ್ನನ್ನು ಕೇಳಿದ.

"ಬೇಡಪ್ಪ, ನನ್ನ ಕೈ ನಡುಗತ್ತೆ. ನನಗೇ ಗೊತ್ತಾಗಲ್ಲ. ಬೇಕಾದ್ರೆ ಸಾರ್‌ನ ಕೇಳು, ಅವರೇ ನೋಡಿದಾರೆ."

ಅವನು ನನ್ನ ಕಡೆ ನೋಡಿದ. ನಿನ್ನ ಕೈಯಲ್ಲಿ ಅಂಚಿನವರೆಗೆ ಟೀ ತುಂಬಿದ ಲೋಟವಿತ್ತು. ಒಂದು ಹನಿಯೂ ತುಳುಕಿರಲಿಲ್ಲ. ಅದನ್ನು ನೋಡುತ್ತಲೇ ನಾನು ಹೌದೆಂದು ತಲೆಯಾಡಿಸಿದೆ.

ಮೊದಲ ಸಲ ಸಿಟ್ಟಿತ್ತು, ಹೊಟ್ಟೆಕಿಚ್ಚಿತ್ತು. ಈ ಸಲ ಏನಿತ್ತು? —

ತಿದ್ದಿದ ವರದಿಯನ್ನು ಬರೆದು ಸಹಿ ಮಾಡಿದ್ದೇನೆ. ಒಂದು ಪ್ರತಿ ಮ್ಯಾನೇಜರಿಗೆ, ಒಂದು ಆ ಮಾಲೀಕರಿಗೆ, ಇವತ್ತಿನ ಟಪಾಲಿನಲ್ಲಿ ಹೋಯಿತು. ನಿನ್ನ ಪ್ರತಿಯನ್ನು ಸೋಮವಾರ ಅದೇ ಟೀ ಅಂಗಡಿಗೆ ತರುತ್ತೇನೆ. ಆ ಪಕ್ಕದ ಅಂಗಡಿಯವನನ್ನು ಕರೆದು, ಅವನೆದುರಿಗೇ ಗಟ್ಟಿಯಾಗಿ ಓದುತ್ತೇನೆ. ನೀನು ಕ್ಷಮಿಸಬೇಕಾಗಿಲ್ಲ, ನನ್ನ ಜೊತೆ ಮಾತಾಡಬೇಕಾಗಿಯೂ ಇಲ್ಲ.

ಎಂಟಕ್ಕೆ ಬಂದಿರುತ್ತೇನೆ. ನೀನು ಒಂಬತ್ತೂವರೆಗೆ ಬಂದರೆ, ಅಲ್ಲಿಯವರೆಗೂ ನಿಂತಿರುತ್ತೇನೆ.